ಸ್ಪಷ್ಟನೆ: ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ಡೀಸೆಲ್ ಉಳಿಯುತ್ತಾ?

"ಲಾರಿ ಎಂಜಿನ್ನಿನ ಫ್ಯಾನ್ ಕಿತ್ತು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ, ಡೀಸೆಲ್ ಸಿಕ್ಕಾಪಟ್ಟೆ ಉಳಿಯುತ್ತೆ" ಅನ್ನೋ ಮಾತು ಹರಿದಾಡುತ್ತಿದೆ. ಎಲ್ಲ ಲಾರಿಗೂ ಇದು ನಿಜವಲ್ಲ.

ಎಂಜಿನ್ ಜೊತೆ ಯಾವಾಗಲೂ ತಿರುಗುವ ಹಳೆಯ ಫ್ಯಾನ್ ಆಗಿದ್ದರೆ ಸ್ವಲ್ಪ ಉಳಿಯಬಹುದು. ವಿಸ್ಕಸ್ ಕ್ಲಚ್ (ಬಿಸಿಗೆ ತಕ್ಕಂತೆ ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ, ಒಳಗೆ ಎಣ್ಣೆ ಇರುವ ಭಾಗ) ಇದ್ದರೆ, ಬಿಸಿ ಇಲ್ಲದಾಗ ಫ್ಯಾನ್ ತಾನೇ ನಿಧಾನವಾಗುತ್ತದೆ. ಅಲ್ಲಿ ಉಳಿಸೋಕೆ ಜಾಸ್ತಿ ಏನಿಲ್ಲ.

ಲೆಕ್ಕ ನೋಡಿ. ಎಲೆಕ್ಟ್ರಿಕ್ ಫ್ಯಾನ್ ಲಾರಿಯ 24 ವೋಲ್ಟಿನಲ್ಲಿ 100 ಆಂಪಿಯರ್ ಎಳೆದರೂ ಸಿಗೋದು 2.4 ಕಿಲೋವ್ಯಾಟ್, ಅಂದರೆ ಸುಮಾರು 3 ಎಚ್‌ಪಿ. ದೊಡ್ಡ ಲಾರಿಯ ಎಂಜಿನ್ ತಿರುಗಿಸುವ ಫ್ಯಾನ್ ಪೂರ್ತಿ ತಿರುಗುವಾಗ 20 ಎಚ್‌ಪಿಗೂ ಮೀರಿ ತಿನ್ನುತ್ತದೆ. ಫುಲ್ ಲೋಡಿನಲ್ಲಿ ನಿಧಾನವಾಗಿ ಏರು ಹತ್ತುವಾಗ ಅಷ್ಟು ಗಾಳಿ ಬೇಕೇ ಬೇಕು ಅಲ್ವಾ? ಸಾಲದಿದ್ದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ಟೇ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಬಹುದು.

ಸುಮ್ನೆ ದುಡ್ಡು ಸುರಿಯುವ ಮೊದಲು ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಫ್ಯಾನಿನ ವಿಸ್ಕಸ್ ಕ್ಲಚ್ ಮುಟ್ಟಿ ನೋಡಿ. ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ, ಬದಲಿಸಬೇಕಾದ್ದು ಅದನ್ನೇ.