ವಿಭಿನ್ನ, ವಿನೂತನ ಮತ್ತು ಅದೇ ಮನೆ

ಒಂದು ಪ್ರೋಮೋ ನನ್ನ ಬೆನ್ನು ಬಿದ್ದಿದೆ. ಟೀವಿ ಹಾಕಿದರೆ ಅದೇ, ಫೋನ್ ತೆರೆದರೂ ಅದೇ. ಗುಡುಗಿನ ಸದ್ದು, ತುಕ್ಕು ಹಿಡಿದ ಬೀಗ, ಆಮೇಲೆ ಗಂಟಲು ಕಟ್ಟಿದವರ ಥರ ಒಂದು ದನಿ: "ಹಿಂದೆಂದೂ ಕಾಣದ ವಿಭಿನ್ನ ಶೋ!" ಏನಪ್ಪಾ ಅಷ್ಟು ವಿಭಿನ್ನ ಅಂತ ನೋಡಿದರೆ, ಹತ್ತಾರು ಜನರನ್ನು ಒಂದು ಮನೆಯಲ್ಲಿ ಕೂಡಿ ಹಾಕುತ್ತಾರಂತೆ. ಅವರು ಜಗಳ ಆಡುತ್ತಾರಂತೆ. ವಾರಕ್ಕೊಬ್ಬರು ಅಳುತ್ತಾ ಹೊರಗೆ ಬರುತ್ತಾರಂತೆ.

ಅಬ್ಬಾ! ಈ ತಲೆಗಳಿಗೆ ಎಷ್ಟು ಎಣ್ಣೆ ಹಚ್ಚುತ್ತಾರೋ.

ಜನರನ್ನು ಮನೆಯಲ್ಲಿ ಕೂಡಿ ಹಾಕುವ ಕೆಲಸವನ್ನು ನೆದರ್‌ಲ್ಯಾಂಡ್ಸ್‌ನವರು 1999ರಲ್ಲೇ ಮಾಡಿದ್ದರು. ಅದಕ್ಕೂ ಎರಡು ವರ್ಷ ಮೊದಲು ಸ್ವೀಡನ್‌ನವರು ಜನರನ್ನು ದ್ವೀಪದಲ್ಲಿ ಬಿಟ್ಟಿದ್ದರು. ಆಮೇಲೆ ಜಗತ್ತಿನಲ್ಲಿ ಬಂದಿದ್ದೆಲ್ಲ ಹೆಚ್ಚುಕಮ್ಮಿ ಬೀಗ ಬದಲಾಯಿಸಿದ್ದು ಅಷ್ಟೇ. ಮನೆ ಹೋಗಿ ವಿಲ್ಲಾ ಬಂತು, ವಿಲ್ಲಾ ಹೋಗಿ ಕಾಡು ಬಂತು. ಬಟ್ಟೆಯೊಂದು ಬಾಕಿ ಇತ್ತು, ಅದನ್ನೂ ಬಿಚ್ಚಿಸಿ ಹುಡುಗ ಹುಡುಗಿ ನೋಡಿಸಿದ್ದಾಯಿತು. ಹಾಡುವವರಿಗೆ ಕೊರಿಯಾದವರು 2015ರಲ್ಲಿ ಮುಖವಾಡ ತೊಡಿಸಿದರು. ಈಗ ಯಾವ ದೇಶದ ಟೀವಿ ಹಾಕಿದರೂ ಒಂದು ದೊಡ್ಡ ಗೊಂಬೆ ನಿಂತುಕೊಂಡು ಹಾಡುತ್ತಿರುತ್ತದೆ.

ಇದೆಲ್ಲ ವ್ಯಾಪಾರ ಸ್ವಾಮಿ. ಫ್ರಾನ್ಸ್‌ನ ಕಾನ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಟೀವಿ ಶೋಗಳ ಸಂತೆ ನಡೆಯುತ್ತದೆ. ಅಲ್ಲಿ ಒಂದು ಶೋ ಕೊಂಡರೆ ಜೊತೆಗೆ ಒಂದು ದಪ್ಪ ಕಡತ ಬರುತ್ತದೆ. ಅದನ್ನು 'ಬೈಬಲ್' ಅಂತಲೇ ಕರೆಯುತ್ತಾರೆ, ನಾನು ಸೇರಿಸಿದ್ದಲ್ಲ. ಸೆಟ್ ಹೇಗಿರಬೇಕು, ಯಾವಾಗ ದೀಪ ಇಳಿಸಬೇಕು, ಎಲ್ಲಿ ಎದೆ ಬಡಿತದ ಮ್ಯೂಸಿಕ್ ಹಾಕಬೇಕು, ಎಲ್ಲ ಅದರಲ್ಲಿರುತ್ತದೆ. 1998ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಕೋಟ್ಯಧಿಪತಿ ಆಟ ನೂರಕ್ಕೂ ಜಾಸ್ತಿ ದೇಶ ಸುತ್ತಿದ್ದು ಹೀಗೆ. ಎಲ್ಲಿ ಹೋದರೂ ಅದೇ ಎತ್ತರದ ಕುರ್ಚಿ, ಅದೇ ಕತ್ತಲು, ಅದೇ "ಖಚಿತವಾ?" ಅಂದರೆ ಚೂರೂ ವಿಭಿನ್ನ ಆಗದೇ ಇರೋದಕ್ಕೆ ದುಡ್ಡು ಕೊಟ್ಟು, ಊರಿಗೆ ಬಂದು "ವಿಭಿನ್ನ" ಅಂತ ಪ್ರೋಮೋ ಬಿಡುತ್ತಾರೆ.

ಕೊರಿಯಾದ ಸ್ಕ್ವಿಡ್ ಗೇಮ್ ಧಾರಾವಾಹಿಯನ್ನು ಮರೆಯುವ ಹಾಗಿಲ್ಲ. ಸಾಲದಲ್ಲಿ ಮುಳುಗಿದ 456 ಜನರನ್ನು ದುಡ್ಡಿನ ಆಸೆ ತೋರಿಸಿ ಆಡಿಸುವುದು, ಸೋತವರನ್ನು ಸಾಯಿಸುವುದು ಎಂಥ ಕ್ರೌರ್ಯ ಅಂತ 2021ರಲ್ಲಿ ಕಥೆ ಹೇಳಿದರು. ನೋಡಿದವರೆಲ್ಲ ಹೌದು ಹೌದು, ಎಂಥ ಕ್ರೌರ್ಯ ಅಂದರು. ನೆಟ್‌ಫ್ಲಿಕ್ಸ್‌ನವರಿಗೂ ಹಾಗೇ ಅನಿಸಿರಬೇಕು. 2023ರಲ್ಲಿ 456 ನಿಜವಾದ ಜನರನ್ನು ಕರೆದು, ಅದೇ ಹಸಿರು ಟ್ರ್ಯಾಕ್‌ಸೂಟ್ ತೊಡಿಸಿ, 45 ಲಕ್ಷ 60 ಸಾವಿರ ಡಾಲರ್ ತೋರಿಸಿ ಆಡಿಸಿದರು. ಸೋತವರ ಎದೆ ಮೇಲೆ ಕಪ್ಪು ಶಾಯಿ ಚಿಮ್ಮುತ್ತಿತ್ತು, ಅವರು ಸತ್ತವರ ಥರ ದೊಪ್ಪನೆ ಬೀಳುತ್ತಿದ್ದರು. ನಿಜವಾಗಿ ಸಾಯಿಸಲಿಲ್ಲ. ಅಷ್ಟು ದೊಡ್ಡ ಮನಸ್ಸು.

ನನಗೆ ತುಂಬಾ ಇಷ್ಟವಾದದ್ದು ಬ್ರಿಟನ್‌ನ 'ಈಡನ್'. 2016ರ ಮಾರ್ಚ್‌ನಲ್ಲಿ 23 ಜನರನ್ನು ಸ್ಕಾಟ್ಲೆಂಡ್‌ನ ಒಂದು ಮೂಲೆಗೆ ಬಿಟ್ಟರು. ಫೋನ್ ಇಲ್ಲ, ಪೇಪರ್ ಇಲ್ಲ. ಒಂದು ವರ್ಷ ಹೊಸ ಸಮಾಜ ಕಟ್ಟಬೇಕು. ಅವರು ಕಟ್ಟಿದರು. ಅಂದರೆ ಕಿತ್ತಾಡಿದರು, ಹಸಿದರು, ಅರ್ಧಕ್ಕಿಂತ ಹೆಚ್ಚು ಜನ ಜಾಗ ಖಾಲಿ ಮಾಡಿದರು. ಉಳಿದವರು ಚಳಿಯಲ್ಲಿ ನಡುಗುತ್ತಾ, ದೇಶ ನಮ್ಮನ್ನು ನೋಡುತ್ತಿದೆ ಅಂತ ಹಲ್ಲು ಕಚ್ಚಿಕೊಂಡಿದ್ದರು. ಚಾನೆಲ್‌ನವರು ನಾಲ್ಕೇ ಕಂತು ತೋರಿಸಿ ಆಗಸ್ಟ್ ಹೊತ್ತಿಗೆ ನಿಲ್ಲಿಸಿಬಿಟ್ಟಿದ್ದರು. ಕಾಡಿನಲ್ಲಿದ್ದವರಿಗೆ ಅದು ಗೊತ್ತಿಲ್ಲ! ಮುಂದಿನ ಮಾರ್ಚ್‌ನಲ್ಲಿ ಗಡ್ಡ ಬಿಟ್ಟುಕೊಂಡು ಹೊರಗೆ ಬಂದಾಗ ಮೂರು ಸುದ್ದಿ ಕಾದಿದ್ದವು. ಬ್ರಿಟನ್ ಯುರೋಪ್ ಒಕ್ಕೂಟ ಬಿಡುತ್ತಿದೆ, ಟ್ರಂಪ್ ಅಧ್ಯಕ್ಷರಾಗಿದ್ದಾರೆ, ನಿಮ್ಮನ್ನು ಯಾರೂ ನೋಡುತ್ತಿಲ್ಲ. ಬಾಕಿ ಎಪಿಸೋಡುಗಳನ್ನು ಆಮೇಲೆ ತೋರಿಸಿದರು ಅನ್ನಿ. ಆದರೆ ಆ ಮೂರನೇ ಸುದ್ದಿ ಕೇಳಿದಾಗಿನ ಮುಖಗಳಿಗಾಗಿ ನಾನು ಎಷ್ಟು ಬೇಕಾದರೂ ಜಾಹೀರಾತು ಸಹಿಸಿಕೊಳ್ಳುತ್ತಿದ್ದೆ.

2007ರಲ್ಲಿ ಡಚ್ ಟೀವಿಯಲ್ಲಿ ಇನ್ನೊಂದು ಬಂತು. ಸಾಯುತ್ತಿರುವ ಹೆಂಗಸು, ಮೂವರು ಕಿಡ್ನಿ ರೋಗಿಗಳು. ತನ್ನ ಕಿಡ್ನಿ ಯಾರಿಗೆ ಅಂತ ಆಕೆ ನೇರ ಪ್ರಸಾರದಲ್ಲಿ ಆರಿಸಬೇಕು. ಕೊನೆಯಲ್ಲಿ ಗೊತ್ತಾಯಿತು, ಆಕೆ ನಟಿ. ರೋಗಿಗಳು ಮಾತ್ರ ನಿಜ. ಅಂಗದಾನಿಗಳು ಸಿಗುತ್ತಿಲ್ಲ ಅಂತ ಜನರ ಕಿವಿ ಹಿಂಡೋಕೆ ಹೂಡಿದ ನಾಟಕ ಅದು. ಒಳ್ಳೆಯದೇ. ಆದರೆ ಅಲ್ಲಿಯವರೆಗೆ ಜನ ಬೈದರೇ ಹೊರತು, ಛೇ, ಟೀವಿಯವರು ಇಂಥದ್ದು ಮಾಡಲಿಕ್ಕಿಲ್ಲ ಅಂತ ಅನುಮಾನ ಪಟ್ಟವರು ಕಮ್ಮಿ.

ಯಾಕೆ ಅನುಮಾನ ಪಡಬೇಕು? ಜಪಾನ್‌ನಲ್ಲಿ 1998ರಲ್ಲಿ ನಸುಬಿ ಅನ್ನುವ ಹೊಸ ಹಾಸ್ಯ ಕಲಾವಿದನನ್ನು ಬಟ್ಟೆ ಬಿಚ್ಚಿಸಿ ಒಂದು ಕೋಣೆಯಲ್ಲಿ ಕೂರಿಸಿದ್ದರು. ಪತ್ರಿಕೆಗಳ ಬಹುಮಾನ ಕೂಪನ್ ತುಂಬಿ ಕಳಿಸಿ, ಗೆದ್ದದ್ದರಲ್ಲೇ ಬದುಕಬೇಕು. ಹತ್ತು ಲಕ್ಷ ಯೆನ್ ಮೌಲ್ಯದ ಬಹುಮಾನ ಆಗುವವರೆಗೆ ಬಿಡುಗಡೆ ಇಲ್ಲ. ನಾಯಿ ತಿಂಡಿ ಗೆದ್ದಾಗ ಅದನ್ನೂ ತಿಂದ. ತನ್ನನ್ನು ದೇಶವೇ ವಾರ ವಾರ ನೋಡಿ ನಗುತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಗುರಿ ಮುಟ್ಟಿದ ಮೇಲೆ ಕೊರಿಯಾಕ್ಕೆ ಕರೆದುಕೊಂಡು ಹೋಗಿ ಮತ್ತೆ ಅದೇ ಆಟ. ಸುಮಾರು 15 ತಿಂಗಳಾದ ಮೇಲೆ, ಕಣ್ಣು ಕಟ್ಟಿ ಜಪಾನ್‌ಗೆ ವಾಪಸ್ ತಂದು ಇನ್ನೊಂದು ಕೋಣೆಯಲ್ಲಿ ನಿಲ್ಲಿಸಿದರು. ಯಾರೂ ಏನೂ ಹೇಳಲಿಲ್ಲ. ಅವನೇ ಬಟ್ಟೆ ಬಿಚ್ಚಿ ಕೂತ. ಆಗ ಗೋಡೆಗಳು ಬಿದ್ದವು. ಸುತ್ತಲೂ ಪ್ರೇಕ್ಷಕರು, ಚಪ್ಪಾಳೆ.

ಇದರ ಬಗ್ಗೆಯೂ ಏನೋ ತಮಾಷೆ ಬರೆಯೋಣ ಅಂತ ಕೂತಿದ್ದೆ. ಆಗುತ್ತಿಲ್ಲ. ಒಬ್ಬ ಮನುಷ್ಯನಿಗೆ ಹೇಳದೆಯೇ ಬಟ್ಟೆ ಬಿಚ್ಚುವಷ್ಟು ಅಭ್ಯಾಸ ಮಾಡಿಸಿ, ಅದಕ್ಕೆ ಜನ ಕರೆಸಿ ಚಪ್ಪಾಳೆ ಹೊಡೆಸಿದರು. ಸಾಕು.

ನಿಜವಾಗಲೂ ವಿಭಿನ್ನವಾದದ್ದು ಬೇಕಾ? ನಾರ್ವೆಗೆ ಹೋಗಿ. ಅಲ್ಲಿನ ಸರ್ಕಾರಿ ಟೀವಿ 2009ರಲ್ಲಿ ಏಳು ಗಂಟೆಯ ರೈಲು ಪ್ರಯಾಣವನ್ನು ಹಾಗೇ ಇಡಿಯಾಗಿ ತೋರಿಸಿತು. 2011ರಲ್ಲಿ 134 ಗಂಟೆ ಹಡಗು. 2013ರಲ್ಲಿ ಸೌದೆ. ಹೌದು, ಸೌದೆ. ಹನ್ನೆರಡು ಗಂಟೆಯ ಕಾರ್ಯಕ್ರಮ, ಅದರಲ್ಲಿ ಎಂಟು ಗಂಟೆ ಬರೀ ಒಲೆ ಉರಿಯುವುದು. ಯಾರೂ ಅಳಲಿಲ್ಲ, ಯಾರನ್ನೂ ಹೊರಗೆ ಹಾಕಲಿಲ್ಲ. ಆಗ ಐವತ್ತು ಲಕ್ಷ ಜನರಿದ್ದ ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಇಣುಕಿ ನೋಡಿದರು.

ದೂರು ಬರಲಿಲ್ಲ ಅಂತಲ್ಲ. ಸಿಟ್ಟಿಗೆದ್ದವರ ಮೆಸೇಜುಗಳು ಬಂದವು. ಅರ್ಧ ಜನ ಸೌದೆಯನ್ನು ತೊಗಟೆ ಮೇಲೆ ಮಾಡಿ ಜೋಡಿಸಿದ್ದು ತಪ್ಪು ಅಂದರು, ಇನ್ನರ್ಧ ತೊಗಟೆ ಕೆಳಗೆ ಮಾಡಿದ್ದು ತಪ್ಪು ಅಂದರು. ನಾನು ತೊಗಟೆ ಮೇಲಿರಬೇಕು ಅನ್ನುವ ಪಕ್ಷ. ಮಳೆ ಬಂದರೆ ನೀರು ಜಾರಿ ಹೋಗುತ್ತದೆ, ಅಲ್ವಾ?