ಸಹಿ ಹಾಕಿಸಿಕೊಂಡರೆ ತರಬೇತಿ ಆಯ್ತಾ?

ಇವತ್ತು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಪೋಶ್ ತರಬೇತಿ, ಅಂದರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯ ತರಬೇತಿ, ನೋಡಿ ಬಂದೆ. ಕೋಪ ಇನ್ನೂ ಇಳಿದಿಲ್ಲ. ಊಟದ ಬಿಡುವಿನಲ್ಲೇ ಹೆಂಗಸರನ್ನು ಕೂರಿಸಿ, ಇಂಗ್ಲಿಷ್ ಸ್ಲೈಡ್ ಹಾಕಿ, ಸೆಕ್ಷನ್ ನಂಬರ್‌ಗಳನ್ನು ಓದಿದರು. ಆಮೇಲೆ ರಿಜಿಸ್ಟರ್ ಬಂತು. ಎಲ್ಲರೂ ಸಹಿ ಹಾಕಿದರು. ಆಡಿಟ್‌ಗೆ ಅಷ್ಟು ಸಾಕಂತೆ.

ಪಕ್ಕದಲ್ಲಿದ್ದ ಟೈಲರ್ ಒಬ್ಬರನ್ನು ಕೇಳಿದೆ: "ಅಕ್ಕ, ಸೂಪರ್‌ವೈಸರ್ ಕೆಟ್ಟದಾಗಿ ನಡ್ಕೊಂಡ್ರೆ ಯಾರಿಗೆ ಹೇಳ್ತೀರಾ?"

"ಸೂಪರ್‌ವೈಸರ್‌ಗೇ ಹೇಳ್ಬೇಕಲ್ವಾ ಮೇಡಂ?"

ಅವರ ಸಹಿಯೂ ಆ ರಿಜಿಸ್ಟರ್‌ನಲ್ಲಿದೆ!

ಇಂಥ ದೂರು ಕೇಳಲು ಕಂಪನಿಯೊಳಗೇ ಒಂದು ಸಮಿತಿ ಇರಬೇಕು. ನಾನು ಅಂಥ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುವವಳು. ದೂರು ಕೊಡಲು 3 ತಿಂಗಳು ಸಮಯವಿದೆ. ಬರೆಯಲು ಬಾರದಿದ್ದರೆ ಸಮಿತಿಯೇ ಬರೆಯಲು ನೆರವಾಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ಬೇರೆ ಕಡೆ ವರ್ಗ ಕೇಳಬಹುದು, 3 ತಿಂಗಳವರೆಗೆ ರಜೆಯನ್ನೂ ಕೇಳಬಹುದು. ಆ ಅಕ್ಕನಿಗೆ ಬೇಕಿದ್ದದ್ದು ಇದು. ಜೊತೆಗೆ ಸಮಿತಿಯಲ್ಲಿ ಯಾರಿದ್ದಾರೆ, ಅವರ ಮುಖ ಹೇಗಿದೆ ಅನ್ನುವುದು. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಇಲ್ಲಿ ಅದು ಎಚ್‌ಆರ್ ಕೋಣೆಯೊಳಗಿತ್ತು, ಇಂಗ್ಲಿಷಿನಲ್ಲಿ. ನೀರಿನ ನಲ್ಲಿಯ ಹತ್ತಿರ ಕನ್ನಡದಲ್ಲಿ ಹಾಕಿ. ಒಡಿಶಾದಿಂದ ಬಂದ ಹುಡುಗಿಯರಿದ್ದಾರೆ, ಒಡಿಯಾದಲ್ಲೂ ಹಾಕಿ.

ಸೆಕ್ಷನ್ ನಂಬರ್ ಬಿಟ್ಟು ಭಂವರಿ ದೇವಿಯ ಕಥೆ ಹೇಳಬಹುದಿತ್ತು. ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಅಲ್ಲಿಂದಲೇ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು, 2013ರಲ್ಲಿ ಈ ಕಾಯ್ದೆ ಬಂತು. ದುಡಿಯುವ ಹೆಂಗಸೊಬ್ಬಳ ನೋವಿನಿಂದ ಹುಟ್ಟಿದ ಕಾನೂನನ್ನು ದುಡಿಯುವ ಹೆಂಗಸರಿಗೇ ಅರ್ಥವಾಗದ ಹಾಗೆ ಓದುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

"ಟಾರ್ಗೆಟ್ ಇದೆ, ಲೈನ್ ನಿಲ್ಲಿಸೋಕಾಗಲ್ಲ" ಅಂದರು ಮ್ಯಾನೇಜರ್. ಫೈರ್ ಡ್ರಿಲ್‌ಗೆ ನಿಲ್ಲಿಸುತ್ತೀರಲ್ಲ ಸಾರ್? ಅಲ್ಲಿ ಯಾರೂ ಸ್ಲೈಡ್ ತೋರಿಸಲ್ಲ. ಗಂಟೆ ಹೊಡೆದು ಎಲ್ಲರನ್ನೂ ಮೆಟ್ಟಿಲು ಇಳಿಸುತ್ತೀರಿ. ಇಲ್ಲೂ ಹಾಗೇ ಮಾಡಿಸಿ. ಸಮಿತಿಯವರನ್ನು ಎದುರಿಗೆ ನಿಲ್ಲಿಸಿ. ಒಂದು ದೂರು ಹೇಗೆ ಬರೆಯುವುದು ಅಂತ ಅಲ್ಲೇ ಬರೆಸಿ. ಸೂಪರ್‌ವೈಸರ್‌ಗಳನ್ನು ಬೇರೆ ಕೂರಿಸಿ. ಅವರು ಹಿಂದೆ ನಿಂತಿದ್ದರೆ ಯಾವ ಹುಡುಗಿ ಬಾಯಿ ಬಿಡುತ್ತಾಳೆ?

ನನ್ನ ಅಮ್ಮನೂ ಗಾರ್ಮೆಂಟ್ಸ್‌ನಲ್ಲೇ ದುಡಿದವಳು. ಆಗ ಈ ಕಾಯ್ದೆ ಇರಲಿಲ್ಲ. ಕೆಲವು ಸಂಜೆ ಮನೆಗೆ ಬಂದು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಅದಕ್ಕೇ ಈ ರಿಜಿಸ್ಟರ್ ಕಂಡರೆ ನನಗೆ ತಡೆಯಲು ಆಗುವುದಿಲ್ಲ.

ಮುಂದಿನ ತರಬೇತಿ ಕೆಲಸದ ಸಮಯದಲ್ಲೇ, ಕನ್ನಡದಲ್ಲೇ ಆಗಬೇಕು ಅಂತ ಮ್ಯಾನೇಜರ್‌ಗೆ ಹೇಳಿ ಬಂದಿದ್ದೇನೆ. "ನೋಡೋಣ ಮೇಡಂ" ಅಂದಿದ್ದಾರೆ. ಸೋಮವಾರ ಮತ್ತೆ ಫೋನ್ ಮಾಡುತ್ತೇನೆ.