ತಳವಿಲ್ಲದ ಮೂಡೆ

ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ಬೆಳಿಗ್ಗೆ, ಎಲೆಯ ಕೊಳವೆಯಲ್ಲಿ ಹಬೆಗೆ ಬೇಯಿಸುವ ಇಡ್ಲಿಯಾದ ಮೂಡೆ ಆಗದಿದ್ದರೆ ಹಿಂದಿನ ರಾತ್ರಿ ಕೃಷ್ಣ ಹುಟ್ಟಿಯೇ ಇಲ್ಲವೆಂಬಂತೆ ನಮ್ಮ ಮನೆಯವರು ಮುಖ ಮಾಡುತ್ತಾರೆ. ಇಡೀ ದಿನ ಉಪವಾಸವಿದ್ದು, ನಡುರಾತ್ರಿ ಚಂದ್ರೋದಯಕ್ಕೆ ಅರ್ಘ್ಯ ಕೊಟ್ಟು, ಚಕ್ಕುಲಿ ಉಂಡೆಗಳ ಪರಿಮಳವನ್ನಷ್ಟೇ ಉಂಡು ಮಲಗಿದವರು 18 ಮಂದಿಯಾದರೆ ಆ ಮುಖಗಳನ್ನು ಎದುರಿಸುವುದು ಸುಲಭವಲ್ಲ.

2025ರಲ್ಲಿ ಹೊಣೆ ಇನ್ನೂ ಹೆಚ್ಚಾಗಿತ್ತು. ಉಡುಪಿಯ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ ಸೆಪ್ಟೆಂಬರ್ 14ಕ್ಕೆ ಬಿದ್ದಿತ್ತು. ಬೆಂಗಳೂರಿನ ಭಾವ ಅಲ್ಲಿಯ ಕ್ಯಾಲೆಂಡರನ್ನು ನಂಬಿ ಆಗಸ್ಟ್ ತಿಂಗಳಲ್ಲೇ ರಜೆ ಹಾಕಿ ಬಂದು, ನಮ್ಮ ಮನೆಯ ಮಾಮೂಲು ಗಂಜಿ ಉಪ್ಪಿನಕಾಯಿ ಉಂಡು ಹಿಂದಿರುಗಿದ್ದರು. ಎರಡನೆಯ ಬಾರಿ ರಜೆ ಬೇಡಿ ಬಂದವರಿಗೆ ಮೂಡೆಯನ್ನಾದರೂ ಸರಿಯಾಗಿ ಬಡಿಸಬೇಕಿತ್ತು.

ಅಷ್ಟಮಿಯ ಮುನ್ನಾದಿನಗಳಲ್ಲಿ ರಥಬೀದಿಯಲ್ಲಿ ಕಟ್ಟಿಟ್ಟ ಖಾಲಿ ಮೂಡೆಗಳನ್ನು ರಾಶಿ ಹಾಕಿ ಮಾರುತ್ತಾರೆ. ತೋಡಿನ ಬದಿಯಲ್ಲಿ ಮೂಡೆ ಕಟ್ಟುವ ಮುಂಡೇವು, ಅಂದರೆ ಕೇದಗೆ ಜಾತಿಯ ಗಿಡ, ಪೊದೆಗಟ್ಟಲೆ ಬೆಳೆದಿರುವಾಗ ಎಲೆಗೆ ದುಡ್ಡು ಕೊಡುವುದೇ ಎಂದು ನಾನು ಘೋಷಿಸಿದೆ. ಮುಂಡೇವಿನ ಎಲೆಯ ಎರಡು ಅಂಚುಗಳಲ್ಲಿ ಮುಳ್ಳಿರುತ್ತದೆಂಬುದು ನನಗೆ ಗೊತ್ತಿತ್ತು. ನಡುದಿಂಡಿನ ಬೆನ್ನಿನಲ್ಲಿ ಮೂರನೆಯ ಸಾಲೊಂದು ಅಡಗಿರುತ್ತದೆಂಬುದನ್ನು ನನ್ನ ಹೆಬ್ಬೆರಳೇ ಕಂಡುಹಿಡಿಯಿತು. ಮುಳ್ಳು ಸೀಳಿ ತೆಗೆದ ಎಲೆಯನ್ನು ಬೆಂಕಿಯ ಮೇಲೆ ಎಳೆದಾಗ ಅದರ ಗಾಢ ಹಸಿರು ಮಂಕಾಗಿ, ಅಷ್ಟು ಹೊತ್ತು ಗರಗಸದಂತೆ ಸೆಟೆದಿದ್ದುದು ರಿಬ್ಬನ್ನಿನಂತೆ ಬಾಗತೊಡಗಿತು. ಆ ಬಾಗುವಿಕೆಯನ್ನು ನಾನು ನನ್ನ ಕೈಚಳಕವೆಂದು ತಿಳಿದೆ. ಸುರುಳಿ ಸುತ್ತಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ, 40 ಮೂಡೆಗಳನ್ನು ಸಾಲಾಗಿ ನಿಲ್ಲಿಸಿದಾಗ ದೊಡ್ಡಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಅದರೊಳಗಿನಿಂದ ನನ್ನನ್ನು ನೋಡಿದರು. ದುರ್ಬೀನಿನಂತೆ ಆಚೆಯದು ಕಾಣುವ ಮೂಡೆಯಲ್ಲಿ ಹಿಟ್ಟು ನಿಲ್ಲುವುದಿಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಬಹುದಿತ್ತು. ಉಪವಾಸದ ದಿನ ಹೆಚ್ಚು ಮಾತಾಡಬಾರದಂತೆ.

ಒಂದು ಪಾಲು ಉದ್ದಿಗೆ ಎರಡು ಪಾಲು ಅಕ್ಕಿ ತರಿಯ ಹಿಟ್ಟು ಸರಿಯಾಗಿಯೇ ಇತ್ತು. ಅದನ್ನು ಮಾಡಿದ್ದು ನನ್ನ ಹೆಂಡತಿ. ನಾನು ಮಾಡಿದ್ದು, ಬೇಗನೆ ಆಗಲೆಂಬ ಆಸೆಯಿಂದ ನೀರು ಕುದಿಯುವ ಮೊದಲೇ ಮೂಡೆಗಳನ್ನು ಹಬೆಯ ಪಾತ್ರೆಯಲ್ಲಿಟ್ಟು ಹಿಟ್ಟು ಹೊಯ್ದದ್ದು. ನೀರು ಮರಳುತ್ತಿದ್ದರೆ ತಳದ ಹಿಟ್ಟು ಬಿಸಿ ತಾಗಿದೊಡನೆ ಗಟ್ಟಿಯಾಗಿ ಸಣ್ಣಪುಟ್ಟ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ತಣ್ಣನೆಯ ಪಾತ್ರೆಯಲ್ಲಿ ಅದಕ್ಕೆ ಅಂತಹ ಯಾವ ಅವಸರವೂ ಇರಲಿಲ್ಲ, ನಿಧಾನವಾಗಿ ಕೆಳಗಿಳಿಯಿತು. ಮುಕ್ಕಾಲು ಗಂಟೆಯ ಬಳಿಕ ಮುಚ್ಚಳ ತೆಗೆದರೆ ಮೇಲೆ 40 ಹಸಿರು ಕೊಳವೆಗಳು, ಪ್ರತಿಯೊಂದರ ತಳದಲ್ಲಿ ಬಿಳಿಯ ಬಿಲ್ಲೆಯೊಂದು, ಅಡಿಯಲ್ಲಿ ಕೊತಕೊತನೆ ಕುದಿಯುವ ಉದ್ದಿನ ಗಂಜಿ.

“ಎಂತದಾ ಮಾಣಿ ಇದು? ಮೂಡೆಯಾ, ಮೂಡೆಯ ಅಂಗಿಯಾ?” ಎಂದು ದೊಡ್ಡಮ್ಮ ಕೇಳಿದರು. ಅಷ್ಟಮಿ ಮುಗಿದಿತ್ತು, ಅವರಿಗೆ ಮಾತು ಮರಳಿ ಬಂದಿತ್ತು.

ಉಳಿದ ಹಿಟ್ಟನ್ನು ಹೆಂಡತಿ ಇಡ್ಲಿ ತಟ್ಟೆಗೆ ಹೊಯ್ದಳು. ಚಟ್ನಿ, ಸಾಂಬಾರು, ಬೆಲ್ಲ ಹಾಕಿದ ಕಾಯಿಹಾಲು ಎಲ್ಲವೂ ಇದ್ದವು. ಇಲ್ಲದ್ದು ಎಲೆಯ ಘಮ ಒಂದೇ. ಅದಕ್ಕೂ ದೊಡ್ಡಮ್ಮ ಉಪಾಯ ಹೇಳಿ, ಬಿಚ್ಚಿದ ಮುಂಡೇವಿನ ಎಲೆಯ ತುಂಡೊಂದನ್ನು ಪ್ರತಿಯೊಬ್ಬರ ಬಾಳೆಲೆಯ ತುದಿಯಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ, ಇಡಿಸಿದರು. ಜನ ಅದನ್ನು ಮೂಸುತ್ತ ಇಡ್ಲಿ ತಿಂದರು. ಭಾವ ಮಾತ್ರ ಏನೂ ಅನ್ನಲಿಲ್ಲ. ಬೆಂಗಳೂರಿನ ಬಸ್ಸಿಗೆ ಹೊರಡುವಾಗ ನನ್ನ ಉಳಿದ ತೆಂಗಿನ ಕಡ್ಡಿಗಳ ಕಟ್ಟನ್ನು ಕೇಳಿ ಪಡೆದು, ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಹಲ್ಲಿನ ಸಂದಿಗೆ ಬಹಳ ಒಳ್ಳೆಯದಂತೆ.